ಗಂಧದ ಪೆಟ್ಟಿಗೆ ಕೆತ್ತಿದವರು ಯಾರು?

(ಶಿಕಾರಿಪುರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಕಲಾ ಸಂಗ್ರಹಾಲಯಗಳ ಚರಿತ್ರೆ ಹೇಳಿ ಎಂದು ಕರೆದಿದ್ದೀರಿ. ನಾನು ತಾಳಗುಂದದಿಂದ ಹೊರಡುತ್ತೇನೆ. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದೆ ಐದನೆಯ ಶತಮಾನದ ಕದಂಬರ ಕಂಬವಿದೆಯಲ್ಲ, ಅದರ ಸಂಸ್ಕೃತ ಕಾವ್ಯವನ್ನು ರಚಿಸಿದವನು ಕುಬ್ಜ. ತಾನೇ ಅದನ್ನು ಕಲ್ಲಿನ ಮೇಲೆ ಬರೆದೆನೆಂದೂ ಅಲ್ಲೇ ಹೇಳಿಕೊಂಡಿದ್ದಾನೆ. ಏಳು ಶತಮಾನ ಕಳೆದ ಮೇಲೆ ನಮ್ಮ ಬಳ್ಳಿಗಾವಿಯ ದಾಸೋಜ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದ. ಅವನೂ ಅವನ ಮಗ ಚಾವಣನೂ ಅವುಗಳ ಕೆಳಗೆ ಹೆಸರು ಕೆತ್ತಿದರು, ಬಿರುದುಗಳ ಸಮೇತ! ಸಂಕೋಚವೆಂಬುದು ಆ ಕಾಲದ ರೂವಾರಿಗಳಿಗೆ ಇರಲಿಲ್ಲ.

ಈಗ ಸೊರಬಕ್ಕೆ ಬನ್ನಿ. ಇಲ್ಲಿನ ಗುಡಿಗಾರರ ಹಿರಿಯರು ಪೋರ್ಚುಗೀಸರ ಕಾಟ ತಾಳದೆ ಗೋವಾ ಬಿಟ್ಟು ಬಂದವರೆಂಬ ಪ್ರತೀತಿ ಇದೆ. ಬಿ. ಎಲ್. ರೈಸ್ 1897ರ ಮೈಸೂರು ಗ್ಯಾಸೆಟಿಯರಿನಲ್ಲಿ ಗಂಧದ ಕೆತ್ತನೆಯನ್ನು ಹೊಗಳುತ್ತ, ಆ ಕೆಲಸದವರು ಮುಖ್ಯವಾಗಿ ಸೊರಬದಲ್ಲಿದ್ದಾರೆ ಎಂದರು. ಪೆಟ್ಟಿಗೆಯ ಮೈತುಂಬ ಹೆಣೆದುಕೊಂಡ ಬಳ್ಳಿ, ಎಲೆ, ನಡುವೆ ದೇವರು. 1886ರ ಲಂಡನ್ ಪ್ರದರ್ಶನದಲ್ಲೂ ಮೈಸೂರಿನ ಗಂಧದ ಕೆತ್ತನೆ ಇತ್ತು. ಕೆತ್ತಿದವನ ಹೆಸರು? ಊರಿನ ಹೆಸರು, ಮರದ ಹೆಸರು ಸಿಗುತ್ತವೆ. ಆಳಿನ ಹೆಸರು ಸಿಗುವುದು ಅಪರೂಪ.

ಇದಕ್ಕೆ ಕಾರಣ ಯುರೋಪಿನಿಂದ ಬಂದ ಒಂದು ವಿಂಗಡಣೆ. ಚಿತ್ರ, ಶಿಲ್ಪ ‘ಲಲಿತಕಲೆ’. ಪೆಟ್ಟಿಗೆ, ಬಟ್ಟೆ, ಪಾತ್ರೆ ‘ಕೈಗಾರಿಕಾ ಕಲೆ’. ಮೊದಲನೆಯದಕ್ಕೆ ಕಲಾವಿದ ಬೇಕು, ಎರಡನೆಯದಕ್ಕೆ ಊರು ಸಾಕು. 1865ರಲ್ಲಿ ಎಡ್ವರ್ಡ್ ಬಾಲ್ಫರ್ ಮುತುವರ್ಜಿಯಿಂದ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಆರಂಭವಾಯಿತು. ಅದರ ಮಗ್ಗುಲಲ್ಲೇ ಇರುವ ವೆಂಕಟಪ್ಪ ಚಿತ್ರಶಾಲೆ ಒಬ್ಬನೇ ಕಲಾವಿದನ ಹೆಸರು ಹೊತ್ತಿದೆ. ಮೈಸೂರು ಅರಮನೆಯ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅವರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಕಲ್ಕತ್ತೆಗೆ ಹೋಗದೆ ಸೊರಬದಲ್ಲೇ ಉಳಿ ಹಿಡಿದು ಕೂತವನಿಗೆ ಅಂಥ ಗೋಡೆ ಸಿಗಲಿಲ್ಲ. ದೆಹಲಿಯಲ್ಲಿ 1954ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು. ಅದರ ಬೆಂಗಳೂರು ಶಾಖೆ 2009ರಲ್ಲಿ ಮಾಣಿಕ್ಯವೇಲು ಬಂಗಲೆಗೆ ಬಂತು. ಅಲ್ಲಿ ಮುಖ್ಯವಾಗಿ ಹೆಸರಾಂತ ಕಲಾವಿದರದೇ ಸಾಲು.

ಎಲ್ಲ ಕಡೆಯೂ ಹೀಗೇ ಆಗಬೇಕಿಲ್ಲ. 1963ರಲ್ಲಿ ಬೀಜಿಂಗಿನಲ್ಲಿ ತೆರೆದ ಚೀನಾದ ದೊಡ್ಡ ಕಲಾ ಸಂಗ್ರಹಾಲಯ, ಆಧುನಿಕ ಚಿತ್ರಕಾರರ ಕೃತಿಗಳ ಜೊತೆಗೆ ಕಾಗದ ಕತ್ತರಿಸಿ ಮಾಡಿದ ಚಿತ್ತಾರ, ಹಬ್ಬದ ಅಚ್ಚುಚಿತ್ರ, ತೊಗಲುಗೊಂಬೆಗಳನ್ನೂ ಕೂಡಿಸಿಟ್ಟಿದೆ.

ನಮ್ಮ ಗುಡಿಗಾರರು ಬೆಂಡಿನ ಬಾಸಿಂಗವನ್ನೂ ಮಾಡುತ್ತ ಬಂದವರು. ಗಂಧ ನೂರು ವರ್ಷ ಬಾಳುತ್ತದೆ, ಬಾಸಿಂಗ ಮದುವೆ ಮುಗಿದರೆ ಮುಗಿಯಿತು. ಅದನ್ನು ಯಾವ ಮ್ಯೂಸಿಯಮ್ಮಿಗೆ ಕೊಡೋಣ?

ಸೊರಬದವರು ಯಾರಾದರೂ ಇಲ್ಲಿದ್ದರೆ ಒಂದು ಕೆಲಸ ಮಾಡಿ. ಮನೆಯ ಹಳೆಯ ಗಂಧದ ಪೆಟ್ಟಿಗೆಯ ತಳ ತಿರುಗಿಸಿ ನೋಡಿ. ಹೆಸರಿದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೆ, ಯಾರ ಮನೆಯಲ್ಲಿ ಕೆತ್ತಿಸಿದ್ದೆಂದು ಅಜ್ಜಿಯನ್ನು ಈ ಸಂಜೆಯೇ ಕೇಳಿ.