ಪ್ಲಗ್ಗಿನ ಬಣ್ಣ

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಗೋಣಿಚೀಲ ಹಾಸಿ ನನ್ನ ಯಮಹಾ ಆರ್‌ಎಕ್ಸ್ 100ರ ಪಕ್ಕ ಕೂರುತ್ತೇನೆ. 1985ರಲ್ಲಿ ನಮ್ಮ ರಸ್ತೆಗಳಿಗೆ ಇಳಿದ, 98 ಸಿಸಿಯ ಪುಟ್ಟ ಟೂ-ಸ್ಟ್ರೋಕ್ ಬೈಕು.

ಮೊದಲು ಬಿಚ್ಚುವುದು ಸ್ಪಾರ್ಕ್ ಪ್ಲಗ್. ವೈದ್ಯರು ನಾಲಿಗೆ ನೋಡುವ ಹಾಗೆ ಅದರ ತುದಿ ನೋಡಬೇಕು. ಕಂದು ಬಣ್ಣವಿದ್ದರೆ ಎಂಜಿನ್ ಸುಖವಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ. ಬೆಳ್ಳಗಿದ್ದರೆ ಮಾತ್ರ ಎಚ್ಚರ: ಪೆಟ್ರೋಲ್ ಸಾಲದೆ ಎಂಜಿನ್ ಅತಿಯಾಗಿ ಕಾಯುತ್ತಿದೆ.

ಇಲ್ಲಿ ಎಣ್ಣೆ ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತದೆ. ಹಾಗಾಗಿ ಆಯಿಲ್ ಟ್ಯಾಂಕ್ ಬರಿದಾಗಲು ಬಿಡಬಾರದು. ಒಮ್ಮೆ ಬಿಟ್ಟಿದ್ದೆ. ಪಿಸ್ಟನ್ ಹಿಡಿದುಕೊಂಡು, ಇಳಿಜಾರಿನಲ್ಲಿ ಹಿಂದಿನ ಚಕ್ರ ಏಕಾಏಕಿ ಬಿಗಿದು ನಿಂತ ಆ ಕ್ಷಣ ನೆನೆದರೆ ಈಗಲೂ ಮೈ ನಡುಗುತ್ತದೆ.

ಉರಿಯದೆ ಉಳಿದ ಎಣ್ಣೆ ಸೈಲೆನ್ಸರಿನೊಳಗೆ ಡಾಂಬರಿನಂತೆ ಕಟ್ಟುತ್ತದೆ. ಒಳಗಿನ ಕೊಳವೆ ಎಳೆದು ತೆಗೆದು, ಮಸಿ ಕೆರೆದು, ಒರೆಸಿ ಮತ್ತೆ ಕೂರಿಸಬೇಕು. ಕೈಯೆಲ್ಲ ಕಪ್ಪು, ಆ ವಾಸನೆ ನನಗೆ ಇಷ್ಟ.

ಆಮೇಲೆ ಒಂದೇ ಕಿಕ್. ಎದುರು ಮನೆಯ ಅಜ್ಜ ಪೇಪರ್ ಕೆಳಗಿಳಿಸಿ ಕೂಗುತ್ತಾರೆ: “ಇವತ್ತು ಗಂಟಲು ಸರಿಹೋಯ್ತು ನೋಡು ಅದಕ್ಕೆ!”