ಮೆತ್ತನೆಯ ಹಿಡಿತ



ಮಳೆ ನಿಂತ ಬೆಳಗ್ಗೆ ಬಸವನಹುಳು ಮರ ಹತ್ತುವುದನ್ನು ನೀವೂ ನೋಡಿರುತ್ತೀರಿ. ಕೈಯಿಲ್ಲ, ಉಗುರಿಲ್ಲ, ಆದರೂ ಜಾರದು. ಪಶ್ಚಿಮ ಆಫ್ರಿಕಾದ ನೈಜೀರಿಯಾ, ಬೆನಿನ್ ಕಡೆಯ ಯೊರುಬಾ ಜನರಲ್ಲಿ ಇದೊಂದು ಗಾದೆಯೇ ಆಗಿದೆ: ಬಸವನಹುಳು ಮರ ಹತ್ತುವುದು 'ಎಸೊ ಎಸೊ' ಎಂದು. 'ಎಸೊ' ಎಂದರೆ ಬರೀ ನಿಧಾನವಲ್ಲ. ಮೆಲ್ಲಗೆ, ಜೋಪಾನವಾಗಿ ಎಂದೂ ಅರ್ಥ. ಈ ಗಾದೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅದಕ್ಕೇ. ಹುಳುವಿಗೆ ಮರದ ಮೇಲೆ ಹಿಡಿತ ಸಿಗುವುದು ಅದರ ಮೆತ್ತನೆಯ ಮೈಯಿಂದ. ತೊಗಟೆಯ ಉಬ್ಬುತಗ್ಗಿಗೆಲ್ಲ ಒಗ್ಗಿಕೊಳ್ಳುತ್ತ, ತನ್ನದೇ ಲೋಳೆಯನ್ನು ಹಾಸಿಕೊಂಡು ಅದು ಮೇಲೇರುತ್ತದೆ.

ಮನುಷ್ಯರ ದೇಹವನ್ನು ತಿದ್ದಿ ರೂಪಿಸುವವನು ಒಬಾತಾಲಾ ಎಂಬ ದೇವರು ಎಂದು ಆ ಜನ ನಂಬುತ್ತಾರೆ. ಅವನಿಗೆ ಬಸವನಹುಳು ಪ್ರಿಯವಾದ ನೈವೇದ್ಯ. ಅದರ ಚಿಪ್ಪಿನೊಳಗಿನ ನೀರು ಕಾವು ತಣಿಸಿ ಶಾಂತಿ ತರುತ್ತದಂತೆ.

ಅವರದೇ ಇನ್ನೊಂದು ಗಾದೆಯಿದೆ. ಮೆಲ್ಲಗೆ ಹಿಡಿದದ್ದು ಕೆಡುವುದಿಲ್ಲ, ಬಲವಂತದಿಂದ ಹಿಡಿದದ್ದು ಕಗ್ಗಂಟಾಗುತ್ತದೆ. ಮಗನಿಗೆ ಮಗ್ಗಿ ಕಲಿಸಿದ ಸಂಜೆಗಳು ನನಗೆ ನೆನಪಾಗುತ್ತವೆ. ನನ್ನ ದನಿ ಏರಿದಷ್ಟೂ ಅವನಿಗೆ ಬರುತ್ತಿದ್ದ ಏಳರ ಮಗ್ಗಿಯೂ ಮರೆತುಹೋಗುತ್ತಿತ್ತು. ಆ ಪುಟ್ಟ ಮುಖದ ಗಾಬರಿ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸಹನೆಗೆ ಯೊರುಬಾ ಮಾತು 'ಸೂರು'. ಕನ್ನಡದ ಕಿವಿಗೆ ಮನೆಯ ಸೂರು ನೆನಪಾದರೆ ಅದೂ ಚೆಂದವೇ. ನಡತೆಗೆ 'ಇವಾ' ಎನ್ನುತ್ತಾರೆ. ಸೂರುವೇ ಇವಾಳ ತಂದೆ ಎನ್ನುತ್ತದೆ ಗಾದೆ. ಇದರ ಹಿಂದೊಂದು ಕಥೆಯಿದೆ, ಇಫಾ ಎಂಬ ಕಣಿಯ ಪರಂಪರೆಯದು. 256 ಅಧ್ಯಾಯಗಳ ಈ ಬಾಯಿಪಾಠದ ಭಂಡಾರವನ್ನು ಯುನೆಸ್ಕೊ 2008ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಓರುನ್ಮಿಲಾ ಜ್ಞಾನದ ದೇವರು, ಎಲ್ಲರ ನಾಳೆಯನ್ನು ಬಲ್ಲವನು. ಅವನು ಸೂರುವಿನ ಮಗಳು ಇವಾಳನ್ನು ಮದುವೆಯಾದ. ಆದರೆ ಅವಳ ತಪ್ಪುಗಳನ್ನೇ ಎಣಿಸುತ್ತ ಬಂದ. ಒಂದು ದಿನ ಅವಳು ಮನೆ ಬಿಟ್ಟು ತವರಿಗೆ ನಡೆದಳು. ಅವಳ ಹಿಂದೆಯೇ ಅವನ ಮಾನ ಹೋಯಿತು, ಸಿರಿ ಹೋಯಿತು, ಕಣಿ ಕೇಳಲು ಬರುವವರೂ ಇಲ್ಲವಾದರು. ಆಗ ಅವನು ವೇಷದ ಬಟ್ಟೆ ತೊಟ್ಟು ಹೊರಟ. ಹಾಡುತ್ತ ಹಾಡುತ್ತ ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು ಕೇಳಿದ: ಇವಾಳನ್ನು ಯಾರಾದರೂ ಕಂಡಿರಾ?