ತಪ್ಪಿನಲ್ಲಿ ಕೋಚ್ ಪಾಲು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಎಲ್ಲೇ ಆಗಲಿ, ಕಾಲೇಜಿನ ಕಬಡ್ಡಿ ತಂಡ ಗೆದ್ದರೆ ಫೋಟೊದ ನಡುವೆ ಕೋಚ್ ನಿಲ್ಲುತ್ತಾರೆ. ನಿಲ್ಲಲೇಬೇಕು, ದುಡಿಮೆ ಅವರದೂ ಹೌದು. ಅದೇ ತಂಡದ ಹುಡುಗ ರೆಫರಿ ಮೇಲೆ ಕೈ ಮಾಡಿದ ದಿನ ಮಾತ್ರ ‘ಅವನ ಸ್ವಭಾವನೇ ಹಂಗ’ ಎಂದುಬಿಟ್ಟರೆ ಹೇಗೆ?

ಈ ಪ್ರಶ್ನೆ ದೊಡ್ಡ ಮೈದಾನದಲ್ಲೂ ಎದ್ದಿದೆ. 2011ರಲ್ಲಿ ಕರಾವಳಿಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಸೇರಿದಂತೆ ಹಲವು ಓಟಗಾರ್ತಿಯರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಹಿಂದಿನ ವರ್ಷವಷ್ಟೇ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದಿದ್ದಾಕೆ ಅಶ್ವಿನಿ. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್ಸೆಂಗ್ ಗುಳಿಗೆಯೇ ಕಾರಣ ಎಂದು ಓಟಗಾರ್ತಿಯರು ವಾದಿಸಿದರು. ಕೋಚ್ ಕೆಲಸ ಹೋಯಿತು. ಅವರಿಗೆ ಮೊದಲು ಒಂದು ವರ್ಷದ ನಿಷೇಧ. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೇರಿಸಿತು. ಮೈಯೊಳಗೆ ಏನು ಹೋಯಿತೋ ಅದಕ್ಕೆ ಆಟಗಾರರೇ ಹೊಣೆ ಎನ್ನುತ್ತದೆ ನಿಯಮ. ಒಪ್ಪೋಣ. ಆದರೂ, ಗುರು ಕೈಗಿಟ್ಟ ಗುಳಿಗೆಯನ್ನು ಎಷ್ಟು ಶಿಷ್ಯರು ತಿರುಗಿಸಿ ನೋಡುತ್ತಾರೆ?

2015ರ ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆ ಇದನ್ನು ಗಮನಿಸಿತು. ಅಪ್ರಾಪ್ತ ವಯಸ್ಸಿನ ಆಟಗಾರ ಸಿಕ್ಕಿಬಿದ್ದರೆ ಸುತ್ತಲಿನ ಕೋಚ್, ಸಹಾಯಕರ ಮೇಲೂ ತನಿಖೆ ತಾನಾಗಿ ನಡೆಯಬೇಕು ಎಂದಿತು. ಕಾಲೇಜು ಮೈದಾನಕ್ಕೆ ಇಷ್ಟು ದೊಡ್ಡ ಕಾನೂನು ಬೇಡ. ಎಲ್ಲ ತಪ್ಪನ್ನೂ ಕೋಚ್ ತಲೆಗೆ ಕಟ್ಟುವುದೂ ಅನ್ಯಾಯವೇ. ಹಾಸ್ಟೆಲ್ಲಿನಲ್ಲಿ ರಾತ್ರಿ ನಡೆಯುವ ತಪ್ಪೆಲ್ಲ ಅವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದೂ, ನಾಳೆ ಫೈನಲ್ ಇದೆ ಎಂದು ಸುಮ್ಮನಿದ್ದರೋ? ಆಗ ಆಟಗಾರನ ಜೊತೆ ಕೋಚ್ ಕೂಡ ಮುಂದಿನ ಪಂದ್ಯಕ್ಕೆ ಹೊರಗಿರಲಿ. ಈ ಮಾತು ಟೂರ್ನಿ ಶುರುವಾಗುವ ಮೊದಲೇ, ಪ್ರಿನ್ಸಿಪಾಲರ ಎದುರಿಗೆ, ಆಟಗಾರರ ಮನೆಯವರನ್ನೂ ಕರೆಸಿ ಬರವಣಿಗೆಯಲ್ಲಿ ಆಗಬೇಕು.